ಬಿಯರ್ ತಿಳಿಯಾಗುವುದು ಕುದಿಯುವ ಕೊಪ್ಪರಿಗೆಯಲ್ಲೇ

ಮನೆಯಲ್ಲಿ ಬಿಯರ್ ಮಾಡುವವರಲ್ಲಿ ಹೆಚ್ಚಿನವರು ಅದರ ತಿಳಿಯ ಬಗ್ಗೆ ಯೋಚಿಸುವುದು ಬಾಟಲಿ ತುಂಬುವ ಹೊತ್ತಿಗೆ. ಅಷ್ಟರಲ್ಲಿ ಮಾಡಬೇಕಾದ ಕೆಲಸದ ಮುಕ್ಕಾಲು ಪಾಲು ಕೈಮೀರಿ ಹೋಗಿರುತ್ತದೆ. ಮಾಲ್ಟ್ ನೆನೆಸಿ ತೆಗೆದ ಸಿಹಿ ರಸ, ಅಂದರೆ ವರ್ಟ್, ಹಾಪ್ಸ್ ಜೊತೆ ಕುದಿಯುತ್ತಿರುವಾಗಲೇ ಬಿಯರ್ ತಿಳಿಯಾಗುತ್ತದೋ ಇಲ್ಲವೋ ಎಂಬುದು ಬಹುಮಟ್ಟಿಗೆ ನಿರ್ಧಾರವಾಗಿಬಿಡುತ್ತದೆ. ಆ ಹೊತ್ತಿನಲ್ಲಿ ಹಾಕುವ ಪಾಚಿಯ ಪುಡಿ ಅಥವಾ ಮಾತ್ರೆಗೆ ಕೆಟಲ್ ಫೈನಿಂಗ್ಸ್ ಎನ್ನುತ್ತಾರೆ. ಬೆಲೆ ಕಾಫಿಯ ಬೆಲೆಗಿಂತ ಕಡಿಮೆ. ಹಾಕುವುದಕ್ಕೆ ಒಂದು ಕ್ಷಣ ಸಾಕು. ಆದರೆ ಅದರಿಂದ ಪೂರ್ತಿ ಕೆಲಸ ತೆಗೆಯಬೇಕಾದರೆ ಅದರ ಹಿಂದೆ ಮುಂದೆ ನಡೆಯುವುದನ್ನೆಲ್ಲ ತಿಳಿದಿರಬೇಕು.

ನಾನು ಈ ಕೆಲಸ ಕಲಿತದ್ದು ಇಂಗ್ಲೆಂಡಿಗೆ ಬಂದು ನೆಲೆಸಿದ ಮೇಲೆ. ಇಲ್ಲಿ 1963ರ ಬಜೆಟ್‌ನಲ್ಲಿ ಹಣಕಾಸು ಸಚಿವ ರೆಜಿನಾಲ್ಡ್ ಮಾಡ್ಲಿಂಗ್ ಮನೆಬಳಕೆಯ ಬಿಯರಿಗೆ ಬೇಕಿದ್ದ ಲೈಸೆನ್ಸನ್ನು ತೆಗೆದುಹಾಕಿದರು. ಮಾರುವ ಹಾಗಿಲ್ಲ, ಮಾಡಿಕೊಂಡು ಕುಡಿಯಬಹುದು. ಅಮೆರಿಕದಲ್ಲಿ 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನು ಇದೇ ದಾರಿ ತೆರೆಯಿತು. ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಹಾಗಾಗಿ ಈ ಪಾಠಗಳು ಕಾನೂನು ಒಪ್ಪುವ ಕಡೆ ನೆಲೆಸಿರುವ ಕನ್ನಡಿಗರಿಗೆ, ಮತ್ತು ಬೆಂಗಳೂರಿನ ಮೈಕ್ರೊಬ್ರೂವರಿಗಳಲ್ಲಿ ಕೊಪ್ಪರಿಗೆಯ ಮುಂದೆ ನಿಂತು ದುಡಿಯುವವರಿಗೆ.

1. ಮೊದಲು ಬಗ್ಗಡ ಯಾವ ಬಗೆಯದು ಎಂದು ಗುರುತಿಸಿ

ಗ್ಲಾಸಿನಲ್ಲಿ ಬಿಯರ್ ಮಸುಕಾಗಿ ಕಂಡ ಕೂಡಲೇ ಫೈನಿಂಗ್ಸ್ ಸಾಲಲಿಲ್ಲ ಎಂದುಕೊಳ್ಳಬೇಡಿ. ಬಗ್ಗಡಕ್ಕೆ ಸಾಮಾನ್ಯವಾಗಿ ನಾಲ್ಕು ಮೂಲಗಳಿವೆ: ಪ್ರೋಟೀನ್, ಪಿಷ್ಟ, ಯೀಸ್ಟ್ ಮತ್ತು ಸೋಂಕು. ಕೆಟಲ್ ಫೈನಿಂಗ್ಸ್ ನೇರವಾಗಿ ಮುಟ್ಟುವುದು ಮೊದಲನೆಯದನ್ನು ಮಾತ್ರ.

ಬಾರ್ಲಿಯ ಪ್ರೋಟೀನಿನಲ್ಲಿ ಪ್ರೋಲೀನ್ ಎಂಬ ಅಮೈನೋ ಆಮ್ಲ ಹೆಚ್ಚಾಗಿರುವ ಭಾಗಗಳಿವೆ. ಕಾಳಿನ ಸಿಪ್ಪೆಯಿಂದ, ಹಾಪ್ಸ್‌ನಿಂದ ಬರುವ ಪಾಲಿಫಿನಾಲ್‌ಗಳು ಅವುಗಳಿಗೆ ಅಂಟಿಕೊಳ್ಳುತ್ತವೆ. ಬಿಯರ್ ತಣ್ಣಗಾದಾಗ ಈ ಜೋಡಿಗಳು ದೊಡ್ಡದಾಗಿ ಬೆಳೆದು ಬೆಳಕನ್ನು ಚದುರಿಸುತ್ತವೆ, ಬಿಸಿಯಾದಾಗ ಬಿಟ್ಟುಹೋಗುತ್ತವೆ. ಇದೇ ಚಿಲ್ ಹೇಜ್. ಪರೀಕ್ಷೆ ಸುಲಭ: ಫ್ರಿಜ್‌ನಿಂದ ತೆಗೆದ ಮಸುಕು ಬಿಯರನ್ನು ಮೇಜಿನ ಮೇಲಿಟ್ಟು 20 ಡಿಗ್ರಿ ಸೆಲ್ಸಿಯಸ್‌ಗೆ ಬರಲು ಬಿಡಿ. ತಿಳಿಯಾದರೆ ಪ್ರೋಟೀನ್ ಸಮಸ್ಯೆ. ಅಂಥ ಬಿಯರಿಗೆ ಆಮ್ಲಜನಕ ಸೇರಿ ವಾರಗಟ್ಟಲೆ ಕೂತರೆ ಈ ಬಂಧ ಗಟ್ಟಿಯಾಗಿ, ಬಿಸಿ ಮಾಡಿದರೂ ಹೋಗದ ಮಸುಕಾಗುತ್ತದೆ.

ಮ್ಯಾಶ್ ಮಾಡುವಾಗ, ಅಂದರೆ ಮಾಲ್ಟನ್ನು ನೆನೆಸುವಾಗ, ಪಿಷ್ಟ ಪೂರ್ತಿ ಸಕ್ಕರೆಯಾಗದೆ ಉಳಿದರೆ ಬರುವ ಮಸುಕು ಬಿಸಿಗೂ ಜಗ್ಗುವುದಿಲ್ಲ, ತಣಿವಿಗೂ ಜಗ್ಗುವುದಿಲ್ಲ. ಮ್ಯಾಶ್‌ನ ಒಂದು ಹನಿಯನ್ನು ಬಿಳಿ ತಟ್ಟೆಯ ಮೇಲೆ ಹಾಕಿ ಅಯೋಡಿನ್ ಸೇರಿಸಿ. ಕಡುನೀಲಿ ತಿರುಗಿದರೆ ಇನ್ನೂ ಕಾಯಬೇಕು. ಯೀಸ್ಟ್‌ನ ಮಸುಕು ತಣ್ಣಗೆ ಇಟ್ಟರೆ ದಿನದಿಂದ ದಿನಕ್ಕೆ ಕೆಳಗಿಳಿಯುತ್ತದೆ. ಸೋಂಕಿನದ್ದಾದರೆ ಹುಳಿ, ಕೆಟ್ಟ ವಾಸನೆ ಜೊತೆಗೇ ಬರುತ್ತವೆ. ಅದಕ್ಕೆ ಔಷಧಿಯಿಲ್ಲ, ಚೆಲ್ಲಬೇಕು.

ಈ ನಾಲ್ಕನ್ನು ಬೇರೆ ಮಾಡಿ ನೋಡಲು ಬಂದರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯಿತು. ಪಿಷ್ಟದ ಮಸುಕಿಗೆ ಪಾಚಿಯ ಪ್ರಮಾಣ ಹೆಚ್ಚಿಸುತ್ತ ಹೋದರೆ ಕೊಪ್ಪರಿಗೆಯ ತಳದಲ್ಲಿ ಗಸಿ ಹೆಚ್ಚಾಗುತ್ತದೆಯೇ ಹೊರತು ಬಿಯರ್ ತಿಳಿಯಾಗುವುದಿಲ್ಲ.

2. ಹಾಕುವ ವಸ್ತು ಏನೆಂದು ಗೊತ್ತಿರಲಿ

ಐರಿಶ್ ಮಾಸ್ ಎಂದು ಮಾರುವುದು ಕಾಂಡ್ರಸ್ ಕ್ರಿಸ್ಪಸ್ ಎಂಬ ಕೆಂಪು ಕಡಲಪಾಚಿ. ಐರ್ಲೆಂಡಿನ ಪಶ್ಚಿಮ ಕರಾವಳಿ, ಫ್ರಾನ್ಸಿನ ಬ್ರಿಟನಿ, ಕೆನಡಾದ ನೋವಾ ಸ್ಕೋಶಿಯಾ ಇಂಥ ಕಡೆ ಅಟ್ಲಾಂಟಿಕ್ ತೀರದ ಬಂಡೆಗಳಿಗೆ ಅಂಟಿಕೊಂಡು ಬೆಳೆಯುತ್ತದೆ. ಅದರೊಳಗಿರುವ ಕ್ಯಾರಗೀನನ್ ಎಂಬ ಲೋಳೆವಸ್ತುವೇ ನಮಗೆ ಬೇಕಾದ್ದು. ಕ್ಯಾರಗೀನನ್‌ನಲ್ಲಿ ಹಲವು ಬಗೆಗಳಿದ್ದು, ಬಿಯರಿಗೆ ಕೆಲಸಕ್ಕೆ ಬರುವುದು ಕಪ್ಪಾ ಬಗೆ. ಇವತ್ತು ಜಗತ್ತಿನ ಕಪ್ಪಾ ಕ್ಯಾರಗೀನನ್‌ನ ಬಹುಪಾಲು ಬರುವುದು ಕಪ್ಪಾಫೈಕಸ್ ಎಂಬ ಉಷ್ಣವಲಯದ ಪಾಚಿಯಿಂದ. ಇಂಡೋನೇಷ್ಯಾ, ಫಿಲಿಪ್ಪೀನ್ಸ್‌ಗಳಲ್ಲಿ ಅದರ ದೊಡ್ಡ ಕೃಷಿಯಿದೆ. ತಮಿಳುನಾಡಿನ ರಾಮನಾಥಪುರ ಜಿಲ್ಲೆಯ ಕಡಲಲ್ಲಿ ಮೀನುಗಾರ ಕುಟುಂಬದ ಹೆಣ್ಣುಮಕ್ಕಳು ಬಿದಿರಿನ ತೆಪ್ಪ ಕಟ್ಟಿ ಇದೇ ಪಾಚಿ ಬೆಳೆಯುತ್ತಾರೆ.

ಕ್ಯಾರಗೀನನ್ ಉದ್ದನೆಯ ಸಕ್ಕರೆ ಸರಪಳಿ. ಮೈತುಂಬ ಸಲ್ಫೇಟ್ ಗುಂಪುಗಳಿರುವುದರಿಂದ ಅದಕ್ಕೆ ಋಣ ವಿದ್ಯುದಾವೇಶ. ಕುದಿಯುವ ವರ್ಟ್‌ನಲ್ಲಿ ಅದು ಕರಗಿ, ಸಡಿಲವಾದ ಎಳೆಗಳಾಗಿ ಹರಡುತ್ತದೆ. ವರ್ಟ್ ತಣಿಯುತ್ತ ಬಂದಂತೆ ಎಳೆಗಳು ಸುತ್ತಿಕೊಳ್ಳುತ್ತವೆ. ಧನ ಆವೇಶವಿರುವ ಪ್ರೋಟೀನ್ ಕಣಗಳನ್ನು ಹಿಡಿದು ಒಂದಕ್ಕೊಂದು ಜೋಡಿಸಿ ಕಣ್ಣಿಗೆ ಕಾಣುವಷ್ಟು ದೊಡ್ಡ ಉಂಡೆ ಮಾಡುತ್ತವೆ. ಉಂಡೆ ದೊಡ್ಡದಾದಷ್ಟೂ ಬೇಗ ತಳ ಸೇರುತ್ತದೆ.

ಮಂಡ್ಯದ ಕಡೆಯ ಆಲೆಮನೆ ನೋಡಿದವರಿಗೆ ಈ ಕೆಲಸ ಹೊಸದಾಗಿ ಕಾಣುವುದಿಲ್ಲ. ಅಲ್ಲಿ ಕುದಿಯುವ ಕಬ್ಬಿನ ಹಾಲಿಗೆ ಬೆಂಡೆ ಗಿಡದ ಲೋಳೆ ಹಾಕಿ ಮಡ್ಡಿಯನ್ನು ಮೇಲೆ ತರಿಸಿ ತೆಗೆಯುತ್ತಾರೆ. ಗಿಡದ ಲೋಳೆ ರಸದ ಕಸವನ್ನು ಹಿಡಿದು ಒಟ್ಟುಮಾಡುವುದು ಎರಡೂ ಕಡೆ ಒಂದೇ. ಬೆಲ್ಲದಲ್ಲಿ ಮಡ್ಡಿ ಮೇಲಕ್ಕೆ ಬರುತ್ತದೆ, ಬಿಯರಿನಲ್ಲಿ ತಳಕ್ಕೆ ಹೋಗುತ್ತದೆ.

ನಮ್ಮವರು ತಪ್ಪದೆ ಕೇಳುವ ಒಂದು ಪ್ರಶ್ನೆಗೆ ಇಲ್ಲೇ ಉತ್ತರ: ಕ್ಯಾರಗೀನನ್ ಪೂರ್ತಿ ಸಸ್ಯಮೂಲದ್ದು. ಮೀನು, ಮೂಳೆಯ ಸಂಬಂಧ ಇದಕ್ಕಿಲ್ಲ.

3. ಕುದಿ ಬಲವಾಗಿರದಿದ್ದರೆ ಪಾಚಿಗೆ ಕೆಲಸವಿಲ್ಲ

ವರ್ಟ್ ಮೊದಲು ಕುದಿಗೆ ಬಂದಾಗ ಕಂದುಬಣ್ಣದ ನೊರೆ ಉಕ್ಕಿ ಏಳುತ್ತದೆ. ಕೆಲ ನಿಮಿಷದಲ್ಲಿ ನೊರೆ ಕುಸಿದು, ವರ್ಟ್‌ನೊಳಗೆ ಹರಕು ಹರಕಾದ ಚೂರುಗಳು ತಿರುಗಾಡಲು ಶುರುವಾಗುತ್ತವೆ. ಇದು ಹಾಟ್ ಬ್ರೇಕ್. ಶಾಖಕ್ಕೆ ಪ್ರೋಟೀನ್ ಮಡಿಕೆ ಬಿಚ್ಚಿ, ಒಂದಕ್ಕೊಂದು ಡಿಕ್ಕಿ ಹೊಡೆದು ಗಟ್ಟಿಯಾಗುವುದರ ಫಲ. ಡಿಕ್ಕಿ ಹೊಡೆಯಬೇಕಾದರೆ ವರ್ಟ್ ಹೊರಳಬೇಕು. ಮುಚ್ಚಳ ಹಾಕಿ ಸಣ್ಣ ಉರಿಯಲ್ಲಿ ಗುಳುಗುಳು ಎನ್ನಿಸಿದರೆ ಸಾಲದು.

ಮನೆಯ ಕೊಪ್ಪರಿಗೆಯಲ್ಲಿ 60 ನಿಮಿಷ, ಮೇಲ್ಮೈ ನಿರಂತರವಾಗಿ ಹೊರಳುವಷ್ಟು ಕುದಿ ಬೇಕು. ಗಂಟೆಗೆ ನೂರಕ್ಕೆ ಎಂಟು ಹತ್ತು ಪಾಲು ಆವಿಯಾಗುತ್ತಿದ್ದರೆ ಕುದಿ ಸರಿಯಾಗಿದೆ ಎಂದು ಲೆಕ್ಕ. ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವ ಬೆಂಗಳೂರಿನಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಅಲ್ಲಿ ಕುದಿಯ ಹೊರಳಾಟದ ಮೇಲೆ ಇನ್ನಷ್ಟು ಗಮನವಿಡಬೇಕು.

ಕುದಿಯಲ್ಲಿ ಗಟ್ಟಿಯಾಗದೆ ಉಳಿದ ಸಣ್ಣ ಪ್ರೋಟೀನನ್ನು ಹಿಡಿಯುವುದಷ್ಟೇ ಪಾಚಿಯ ಪಾಲಿನ ಕೆಲಸ. ಕುದಿಯೇ ಮಾಡಬೇಕಾದ ದೊಡ್ಡ ಕೆಲಸವನ್ನು ಅದರ ತಲೆಗೆ ಕಟ್ಟಿದರೆ ಅದು ಸೋಲುತ್ತದೆ.

4. ಕೊನೆಯ ಹತ್ತು ನಿಮಿಷಕ್ಕೆ ಹಾಕಿ

ಪಾಚಿಯನ್ನು ಕುದಿಯ ಆರಂಭದಲ್ಲೇ ಹಾಕಿಬಿಟ್ಟರೆ ಒಳ್ಳೆಯದಲ್ಲವೇ ಎಂದು ಹೊಸಬರು ಕೇಳುತ್ತಾರೆ. ವರ್ಟ್ ಹುಳಿಯ ಕಡೆಗಿರುವ ದ್ರವ. ಕುದಿಯುವ ಹುಳಿಯಲ್ಲಿ ಹೆಚ್ಚು ಹೊತ್ತು ಇದ್ದರೆ ಕ್ಯಾರಗೀನನ್‌ನ ಉದ್ದ ಸರಪಳಿ ತುಂಡು ತುಂಡಾಗುತ್ತದೆ. ತುಂಡು ಸರಪಳಿ ಪ್ರೋಟೀನ್ ಕಣಗಳನ್ನು ಜೋಡಿಸಲಾರದು. ತೀರಾ ತಡವಾಗಿ ಹಾಕಿದರೆ ಕರಗಿ ಹರಡಲು ಸಮಯ ಸಾಲುವುದಿಲ್ಲ.

ಚೂರು ಚೂರಾದ ಒಣಪಾಚಿಯಾದರೆ ಕಾಲು ಗಂಟೆ ಮುಂಚೆ ತಣ್ಣೀರಿನಲ್ಲಿ ನೆನೆಹಾಕಿ. ಅದು ಉಬ್ಬಿ ಮೆತ್ತಗಾದ ಮೇಲೆ, ಕುದಿ ಮುಗಿಯಲು 15 ನಿಮಿಷ ಇದೆ ಎನ್ನುವಾಗ ನೀರಿನ ಸಮೇತ ಸುರಿಯಿರಿ. ಪ್ರೊಟಾಫ್ಲಾಕ್, ವರ್ಲ್‌ಫ್ಲಾಕ್‌ನಂಥ ಮಾತ್ರೆಗಳಲ್ಲಿ ಶುದ್ಧೀಕರಿಸಿದ ಕ್ಯಾರಗೀನನ್ ಇರುತ್ತದೆ; ಬಿದ್ದ ಕೂಡಲೇ ಒಡೆದು ಹರಡುತ್ತವೆ. ಅವಕ್ಕೆ 10 ನಿಮಿಷ ಸಾಕು.

ನಾನು ಇತ್ತೀಚೆಗೆ ಮಾತ್ರೆಯನ್ನೇ ಬಳಸುತ್ತೇನೆ. ಒಣಪಾಚಿಯ ಗುಣ ಕೊಯ್ಲಿನಿಂದ ಕೊಯ್ಲಿಗೆ ಬದಲಾಗುತ್ತದೆ. ಅಳತೆ ಒಮ್ಮೆ ಸರಿಹೋದರೆ ಮುಂದಿನ ಪೊಟ್ಟಣಕ್ಕೆ ಸರಿಹೋಗುವ ಖಾತ್ರಿಯಿಲ್ಲ. ಎರಡಕ್ಕೂ ತೇವ ಶತ್ರು. ಗಾಳಿಯಾಡದ ಡಬ್ಬಿಯಲ್ಲಿಡಿ.

5. ಅಳತೆಗೆ ಎರಡು ಸಾಕ್ಷಿ ಬೇಕು: ಮೇಲಿನ ತಿಳಿ, ಕೆಳಗಿನ ಗಸಿ

ಸಾಮಾನ್ಯವಾಗಿ ಹೇಳುವ ಲೆಕ್ಕ 20ರಿಂದ 23 ಲೀಟರಿಗೆ ಒಂದು ಟೀ ಚಮಚ ಒಣಪಾಚಿ, ಅಥವಾ ಅರ್ಧ ಮಾತ್ರೆ. ಶುರು ಮಾಡಲು ಇದು ಸರಿ. ಆದರೆ ಮಾಲ್ಟ್ ಬದಲಾದರೆ ಬೇಕಾದ ಅಳತೆಯೂ ಬದಲಾಗುತ್ತದೆ. ಪ್ರೋಟೀನ್ ಕಡಿಮೆಯಿರುವ ಮ್ಯಾರಿಸ್ ಆಟರ್‌ನಂಥ ಇಂಗ್ಲಿಷ್ ಮಾಲ್ಟ್‌ಗೆ ಸಾಕಾದದ್ದು, ಪ್ರೋಟೀನ್ ಹೆಚ್ಚಿರುವ ಆರುಸಾಲು ಬಾರ್ಲಿಗೆ ಸಾಲದು. ಹೊಸ ಬೆಳೆಯ ಮಾಲ್ಟ್ ಬಂದಾಗಲೆಲ್ಲ ದೊಡ್ಡ ಬ್ರೂವರಿಗಳು ಅಳತೆಯನ್ನು ಮತ್ತೆ ಪರೀಕ್ಷಿಸುವುದು ಇದಕ್ಕೇ.

ಆ ಪರೀಕ್ಷೆಯನ್ನು ಮನೆಯಲ್ಲೂ ಮಾಡಬಹುದು. ನಾನು ಮಾಡುವ ಕ್ರಮ ಹೀಗೆ.

ಮಾತ್ರೆಯನ್ನು ಪುಡಿ ಮಾಡಿ 1 ಗ್ರಾಂ ತೂಗಿ 200 ಮಿ.ಲೀ. ಬಿಸಿನೀರಿನಲ್ಲಿ ಕಲಸಿಟ್ಟುಕೊಳ್ಳುತ್ತೇನೆ. ಒಂದು ಮಿ.ಲೀ.ನಲ್ಲಿ 5 ಮಿ.ಗ್ರಾಂ ಪುಡಿ ಇದ್ದ ಹಾಗಾಯಿತು. ಒಂದೇ ಅಳತೆಯ ಆರು ಗಾಜಿನ ಜಾಡಿಗಳನ್ನು ಬಿಸಿನೀರಿನಿಂದ ಕಾಯಿಸುತ್ತೇನೆ. ತಣ್ಣನೆಯ ಗಾಜಿಗೆ ಕುದಿವ ವರ್ಟ್ ಬಿದ್ದರೆ ಸೀಳುತ್ತದೆ. ಕುದಿ ಮುಗಿಯಲು ಹತ್ತು ನಿಮಿಷ ಇರುವಾಗ, ಕೊಪ್ಪರಿಗೆಗೆ ಏನೂ ಹಾಕುವ ಮೊದಲು, ಪ್ರತಿ ಜಾಡಿಗೆ 250 ಮಿ.ಲೀ. ವರ್ಟ್ ತೆಗೆಯುತ್ತೇನೆ. ಮೊದಲ ಜಾಡಿಗೆ ಏನೂ ಇಲ್ಲ. ಉಳಿದವಕ್ಕೆ ಸಿರಿಂಜ್‌ನಿಂದ ಅರ್ಧ, ಒಂದು, ಒಂದೂವರೆ, ಎರಡು, ಎರಡೂವರೆ ಮಿ.ಲೀ. ಅಂದರೆ ಲೀಟರಿಗೆ 10ರಿಂದ 50 ಮಿ.ಗ್ರಾಂವರೆಗೆ. ಪ್ರತಿಯೊಂದನ್ನೂ ಮೆಲ್ಲಗೆ ತಿರುಗಿಸಿ, ಉಗುರುಬೆಚ್ಚಗಾಗುವವರೆಗೆ ಬಿಟ್ಟು, ಆಮೇಲೆ ತಣ್ಣೀರಿನ ಟಬ್ಬಿನಲ್ಲಿ ಇಡುತ್ತೇನೆ.

ಅರ್ಧ ಗಂಟೆಯಲ್ಲಿ ವ್ಯತ್ಯಾಸ ಕಾಣತೊಡಗುತ್ತದೆ. ಮೊದಲ ಜಾಡಿಯಲ್ಲಿ ಸಣ್ಣ ಧೂಳು ಮೇಲಿಂದ ಕೆಳಗಿನವರೆಗೆ ತೇಲುತ್ತಿರುತ್ತದೆ. ಎರಡನೆಯದರಲ್ಲಿ ಧೂಳು ಸೇರಿ ಕಾಳುಗಳಾಗಿದ್ದರೂ ನಡುವಿನ ದ್ರವ ಇನ್ನೂ ಮಂಜು. ಮೂರನೆಯದು, ನಾಲ್ಕನೆಯದರಲ್ಲಿ ದೊಡ್ಡ ಉಂಡೆಗಳು ಕೆಳಗಿಳಿದು, ಮೇಲೆ ಹೊಂಬಣ್ಣದ ತಿಳಿ ನಿಂತಿರುತ್ತದೆ. ಜಾಡಿಯ ಹಿಂದೆ ಪತ್ರಿಕೆ ಹಿಡಿದರೆ ಅಕ್ಷರ ಓದಬಹುದು. ಕೊನೆಯ ಜಾಡಿಯಲ್ಲೂ ತಿಳಿ ಇರುತ್ತದೆ, ಆದರೆ ಗಸಿ ಹತ್ತಿಯ ಹಾಗೆ ಉಬ್ಬಿ ಜಾಡಿಯ ಮೂರನೇ ಒಂದು ಭಾಗ ತಿಂದಿರುತ್ತದೆ, ಅಲುಗಿಸಿದರೆ ಏಳುತ್ತದೆ. ಜಾಡಿಗಳನ್ನು ರಾತ್ರಿಯಿಡೀ ಫ್ರಿಜ್‌ನಲ್ಲಿಟ್ಟು ಬೆಳಿಗ್ಗೆ ಸ್ಕೇಲ್ ಹಿಡಿದು ಗಸಿಯ ಎತ್ತರ ಅಳೆಯುತ್ತೇನೆ.

ಆರಿಸಿಕೊಳ್ಳಬೇಕಾದ್ದು ಅತ್ಯಂತ ತಿಳಿಯಾದ ಜಾಡಿಯನ್ನಲ್ಲ. ಸಾಕಷ್ಟು ತಿಳಿ ಕೊಡುವ ಜಾಡಿಗಳಲ್ಲಿ ಅತಿ ಕಡಿಮೆ ಪುಡಿ ಬಿದ್ದಿರುವ, ಗಸಿ ಗಟ್ಟಿಯಾಗಿ ಕೂತಿರುವ ಜಾಡಿಯನ್ನು. ಅದು ಲೀಟರಿಗೆ 30 ಮಿ.ಗ್ರಾಂ ಎಂದು ಬಂದರೆ 23 ಲೀಟರಿಗೆ ಸುಮಾರು 0.7 ಗ್ರಾಂ ಆಗುತ್ತದೆ. ಫೈನಿಂಗ್ಸ್ ಹೆಚ್ಚಾದರೆ ನಷ್ಟವಾಗುವುದು ಬಿಯರು: ಉಬ್ಬಿದ ಗಸಿಯೊಳಗೆ ಲೀಟರುಗಟ್ಟಲೆ ವರ್ಟ್ ಸಿಕ್ಕಿಕೊಂಡು ಚರಂಡಿ ಸೇರುತ್ತದೆ. ಇಂದಿನ ವರ್ಟ್‌ಗೆ ಫಲಿತಾಂಶ ತಡವಾಗಿ ಬಂತು ಎನ್ನಿಸಬಹುದು, ಆದರೆ ಅದೇ ಮೂಟೆಯ ಮಾಲ್ಟ್‌ನಿಂದ ಮುಂದೆ ಮಾಡುವ ಎಲ್ಲ ಬಿಯರಿಗೂ ಈ ಅಂಕಿ ನಿಲ್ಲುತ್ತದೆ.

6. ಪಿಎಚ್ ನೋಡದೆ ಪಾಚಿಯನ್ನು ದೂರಬೇಡಿ

ಕ್ಯಾರಗೀನನ್ ಚೆನ್ನಾಗಿ ಕೆಲಸ ಮಾಡುವುದು ವರ್ಟ್‌ನ ಪಿಎಚ್ 5.1ರಿಂದ 5.4ರ ಆಸುಪಾಸಿನಲ್ಲಿದ್ದಾಗ. 5ಕ್ಕಿಂತ ಕೆಳಗಿಳಿದಂತೆ ಅದರ ಹಿಡಿತ ಸಡಿಲವಾಗುತ್ತದೆ. ಕೊಪ್ಪರಿಗೆಯಲ್ಲೇ ಲ್ಯಾಕ್ಟೋಬ್ಯಾಸಿಲಸ್ ಬಿಟ್ಟು ಹುಳಿ ಬರಿಸುವ ಬಿಯರುಗಳಿಗೆ ಹುಳಿ ಬಂದ ಮೇಲೆ ಇದನ್ನು ಹಾಕಿ ಪ್ರಯೋಜನವಿಲ್ಲ.

ಪಿಎಚ್ ಎಲ್ಲಿ ನಿಲ್ಲುತ್ತದೆ ಎಂಬುದನ್ನು ನೀರು ಮತ್ತು ಮಾಲ್ಟ್ ಸೇರಿ ನಿರ್ಧರಿಸುತ್ತವೆ. ಬರ್ಟನ್ ಅಪಾನ್ ಟ್ರೆಂಟ್‌ನ ಬಾವಿ ನೀರಿನಲ್ಲಿ ಕ್ಯಾಲ್ಸಿಯಂ, ಸಲ್ಫೇಟ್ ಧಾರಾಳ. ಹತ್ತೊಂಬತ್ತನೇ ಶತಮಾನದಲ್ಲಿ ಆ ಊರಿನ ಪೇಲ್ ಏಲ್ ಜಗತ್ತಿನಲ್ಲಿ ಹೆಸರು ಮಾಡಲು ಆ ನೀರು ದೊಡ್ಡ ಕಾರಣ. ಕ್ಯಾಲ್ಸಿಯಂ ಮ್ಯಾಶ್‌ನ ಪಿಎಚ್ ಇಳಿಸುತ್ತದೆ, ಪ್ರೋಟೀನ್ ಗಟ್ಟಿಯಾಗಲು ನೆರವಾಗುತ್ತದೆ, ಕೊನೆಗೆ ಯೀಸ್ಟ್ ಗುಂಪುಗೂಡಿ ಕೆಳಗಿಳಿಯಲೂ ಬೇಕಾಗುತ್ತದೆ. ಲಂಡನ್ನಿನ ನೀರು ಗಡಸು, ಆದರೆ ಅಲ್ಲಿ ಬೈಕಾರ್ಬನೇಟ್ ಹೆಚ್ಚು; ತೆಳುಬಣ್ಣದ ಮಾಲ್ಟ್ ಮಾತ್ರ ಹಾಕಿದರೆ ಪಿಎಚ್ ಮೇಲೆಯೇ ಉಳಿಯುತ್ತದೆ. ಮ್ಯಾಂಚೆಸ್ಟರಿಗೆ ಲೇಕ್ ಡಿಸ್ಟ್ರಿಕ್ಟಿನ ಕೆರೆಗಳಿಂದ ಬರುವ ನೀರು ಮೆದು. ಅಲ್ಲಿ ಜಿಪ್ಸಂ ಅಥವಾ ಕ್ಯಾಲ್ಸಿಯಂ ಕ್ಲೋರೈಡ್ ಸೇರಿಸಿ ಲೀಟರಿಗೆ 50 ಮಿ.ಗ್ರಾಂ ಕ್ಯಾಲ್ಸಿಯಂ ಆದರೂ ಇರುವಂತೆ ನೋಡಿಕೊಳ್ಳಬೇಕು. ಕಪ್ಪಗೆ ಹುರಿದ ಮಾಲ್ಟ್ ಪಿಎಚ್ ಅನ್ನು ಕೆಳಗೆಳೆಯುತ್ತದೆ ಎಂಬುದೂ ಲೆಕ್ಕದಲ್ಲಿರಲಿ.

ಮ್ಯಾಶ್ ಮುಗಿದು ಕಾಳನ್ನು ಬಿಸಿನೀರಿನಿಂದ ತೊಳೆಯುವಾಗ ನೀರು 77 ಡಿಗ್ರಿ ಮೀರಿ, ಪಿಎಚ್ 6ರ ಮೇಲೆ ಹೋದರೆ ಸಿಪ್ಪೆಯ ಒಗರು ಇಳಿಯುತ್ತದೆ. ಆ ಒಗರಿನಲ್ಲಿರುವುದು ಚಿಲ್ ಹೇಜ್‌ಗೆ ಬೇಕಾದ ಪಾಲಿಫಿನಾಲೇ. ಕೊನೆಯ ನೀರು ತೆಳ್ಳಗಾದಾಗ ಆಸೆ ಬಿಟ್ಟು ನಿಲ್ಲಿಸಬೇಕು.

7. ಬೇಗ ತಣಿಸಿ, ಆಮೇಲೆ ಕೈಕಟ್ಟಿ ಕೂತಿರಿ

ಪಾಚಿ ಹಾಕಿದ್ದು ಕುದಿಯಲ್ಲಾದರೂ ಅದು ದುಡಿಯುವುದು ತಣಿಯುವಾಗ. ವರ್ಟ್ ಸುಮಾರು 60 ಡಿಗ್ರಿಗಿಂತ ಕೆಳಗಿಳಿದಂತೆ ಹೊಸದಾಗಿ ಸಣ್ಣ ಪ್ರೋಟೀನ್–ಪಾಲಿಫಿನಾಲ್ ಕಣಗಳು ಹುಟ್ಟುತ್ತವೆ. ಇದು ಕೋಲ್ಡ್ ಬ್ರೇಕ್. ಹಾಟ್ ಬ್ರೇಕ್‌ಗಿಂತ ಬಹಳ ಸಣ್ಣ ಕಣಗಳಾದ್ದರಿಂದ ತಾವಾಗಿ ಕೆಳಗಿಳಿಯುವುದು ನಿಧಾನ. ಕ್ಯಾರಗೀನನ್ ಇವನ್ನು ಹಿಡಿದು ಇಳಿಸುತ್ತದೆ.

ತಾಮ್ರದ ಸುರುಳಿ ಕೊಳವೆಯನ್ನು ವರ್ಟ್‌ನಲ್ಲಿ ಮುಳುಗಿಸಿ ನಲ್ಲಿ ನೀರು ಹರಿಸುವುದು ಮನೆಯವರಿಗೆ ಎಟುಕುವ ದಾರಿ. ಕುದಿ ಮುಗಿಯಲು ಹತ್ತು ನಿಮಿಷವಿರುವಾಗಲೇ ಸುರುಳಿಯನ್ನು ಒಳಗಿಟ್ಟರೆ ಕುದಿಯಲ್ಲೇ ಅದರ ಸೋಂಕು ಕಳೆಯುತ್ತದೆ. ಇಂಗ್ಲೆಂಡಿನ ಚಳಿಗಾಲದಲ್ಲಿ ನಲ್ಲಿ ನೀರೇ ಕೊರೆಯುವುದರಿಂದ ಕೆಲಸ ಬೇಗ ಆಗುತ್ತದೆ. ಬೇಸಿಗೆಯಲ್ಲಿ, ಅಥವಾ ಬಿಸಿ ಊರುಗಳಲ್ಲಿ, ನೀರನ್ನು ಮಂಜುಗಡ್ಡೆಯ ಬಕೆಟ್ ಹಾಯಿಸಿ ತರಬೇಕು.

ವರ್ಟ್ 20 ಡಿಗ್ರಿಗೆ ಬಂದ ಮೇಲೆ ಸೌಟಿನಿಂದ ಒಂದೇ ದಿಕ್ಕಿಗೆ ಜೋರಾಗಿ ಸುತ್ತಿಸಿ, ಸುರುಳಿ ತೆಗೆದು, ಮುಚ್ಚಿ ಅರ್ಧ ಗಂಟೆ ಬಿಡಿ. ಗಸಿ ನಡುವೆ ಗುಡ್ಡೆಯಾಗಿ ಕೂರುತ್ತದೆ. ಬ್ರೂಯಿಂಗ್ ದಿನದ ಕೊನೆಯಲ್ಲಿ ಎಲ್ಲರಿಗೂ ದಣಿವು. ಬೇಗ ಮುಗಿಸಿ ತೊಳೆದಿಡುವ ಆತುರ. ಈ ಅರ್ಧ ಗಂಟೆ ಕಾಯುವವರ ಬಿಯರು ಕಾಯದವರ ಬಿಯರಿಗಿಂತ ಕಣ್ಣಿಗೆ ಕಾಣುವಷ್ಟು ತಿಳಿಯಾಗಿರುತ್ತದೆ.

8. ಗಸಿಯನ್ನು ಕೊಪ್ಪರಿಗೆಯಲ್ಲೇ ಬಿಡಿ

ಇಷ್ಟೆಲ್ಲ ಮಾಡಿ ಒಟ್ಟುಗೂಡಿಸಿದ ಗಸಿಯನ್ನು ಕೊನೆಯ ಹನಿಯ ಆಸೆಗೆ ಹುದುಗುವ ಪಾತ್ರೆಗೆ ಸುರಿದರೆ ಪಾಚಿ ಹಾಕಿದ್ದು ಬಹುಪಾಲು ವ್ಯರ್ಥ. ಪಾಕವಿಧಾನ ಬರೆಯುವಾಗಲೇ ಎರಡು ಲೀಟರ್ ಹೆಚ್ಚು ಸೇರಿಸಿ; ಕೆಳಗುಳಿಯುವ ಪಾಲು ಅದು. ಹಾಗೆಂದು ಒಂದು ಚೂರೂ ಹೋಗಬಾರದೆಂಬ ಹಟವೂ ಬೇಡ. ಗಸಿಯಲ್ಲಿರುವ ಕೊಬ್ಬಿನಂಶ ಯೀಸ್ಟ್ ಬೆಳೆಯಲು ನೆರವಾಗುತ್ತದೆ, ಸ್ವಲ್ಪ ದಾಟಿದರೆ ಹಾನಿಯಿಲ್ಲ.

ನೊರೆ ಕಡಿಮೆಯಾಗುತ್ತದೆಂಬ ಭಯಕ್ಕೂ ಕಾರಣವಿಲ್ಲ. ಮಸುಕು ತರುವ ಪ್ರೋಟೀನುಗಳು, ನೊರೆ ಹಿಡಿದಿಡುವ ಪ್ರೋಟೀನುಗಳು ಬೇರೆ ಬೇರೆ. ಸರಿಯಾದ ಅಳತೆಯಲ್ಲಿ ಹಾಕಿದ ಕ್ಯಾರಗೀನನ್ ನೊರೆಯನ್ನು ಕೆಡಿಸುವುದಿಲ್ಲ.

9. ಯೀಸ್ಟ್‌ನ ಮಸುಕಿಗೆ ದಾರಿ ಬೇರೆ

ಹುದುಗು ಮುಗಿದ ಮೇಲೆ ತೇಲುವುದು ಯೀಸ್ಟ್. ಯೀಸ್ಟ್‌ನ ಮೈಮೇಲೆ ಋಣ ಆವೇಶವಿದೆ, ಆದ್ದರಿಂದ ಅದನ್ನು ಹಿಡಿಯಲು ಧನ ಆವೇಶದ ವಸ್ತು ಬೇಕು. ಬ್ರಿಟನ್ನಿನ ಕ್ಯಾಸ್ಕ್ ಏಲ್‌ಗಳಲ್ಲಿ ಅದಕ್ಕೆ ಬಳಸಿಕೊಂಡು ಬಂದದ್ದು ಐಸಿಂಗ್ಲಾಸ್: ಮೀನಿನ ಈಜುಚೀಲದಿಂದ ತೆಗೆದ ಕೊಲ್ಯಾಜನ್. ಮೊದಲು ರಷ್ಯಾದ ಸ್ಟರ್ಜನ್ ಮೀನಿನಿಂದ ಬರುತ್ತಿತ್ತು, ದುಬಾರಿ. ಗ್ಯಾಸ್ ದೀಪದಿಂದ ಹೆಸರಾದ ಎಂಜಿನಿಯರ್ ವಿಲಿಯಂ ಮರ್ಡಾಕ್ 1795ರಲ್ಲಿ ಕಾಡ್ ಮೀನಿನಿಂದ ಅಗ್ಗದ ಬದಲಿ ಕಂಡುಹಿಡಿದಾಗ ಲಂಡನ್ನಿನ ಬ್ರೂವರ್‌ಗಳು ಆ ಹಕ್ಕಿಗೆ 2000 ಪೌಂಡ್ ಕೊಟ್ಟರು. ಭಾರತದ ಕರಾವಳಿಯಲ್ಲಿ ಐಸಿಂಗ್ಲಾಸ್ ತಯಾರಿಸುವ ಬಗ್ಗೆ ಜಾನ್ ಫೋರ್ಬ್ಸ್ ರಾಯ್ಲ್ 1842ರಲ್ಲಿ ಒಂದು ಪುಸ್ತಕವನ್ನೇ ಬರೆದರು.

ಸಸ್ಯಾಹಾರಿಗಳು ವಿಚಾರಿಸಬೇಕಾದ್ದು ಇದನ್ನು. ಗಿನ್ನೆಸ್ ಕಂಪನಿ 2015ರಲ್ಲಿ ಐಸಿಂಗ್ಲಾಸ್ ಬಿಡುವುದಾಗಿ ಘೋಷಿಸಿ, ಮುಂದಿನ ವರ್ಷಗಳಲ್ಲಿ ಹಾಗೆಯೇ ಮಾಡಿತು. ಮನೆಯಲ್ಲಿ ಹಲವರು ಬಳಸುವ ಜೆಲಟಿನ್ ಕೂಡ ಪ್ರಾಣಿಮೂಲದ್ದು. ನಾನು ಎರಡನ್ನೂ ಹಾಕುವುದಿಲ್ಲ. ಕೆಳಗೆ ಚೆನ್ನಾಗಿ ಕೂರುವ ಇಂಗ್ಲಿಷ್ ಏಲ್ ಯೀಸ್ಟ್ ಆರಿಸಿಕೊಂಡು, ಹುದುಗು ಪೂರ್ತಿ ಮುಗಿದ ಮೇಲೆ ಕೆಲವು ದಿನ 1–2 ಡಿಗ್ರಿಯಲ್ಲಿ ಇಡುತ್ತೇನೆ. ಇನ್ನೂ ಬೇಕೆಂದವರಿಗೆ ಸಿಲಿಕಾ ಜೆಲ್ ಇದೆ. ಅದು ಖನಿಜ, ಮಸುಕಿನ ಪ್ರೋಟೀನನ್ನು ಹೀರಿ ತಳ ಸೇರುತ್ತದೆ.

ಐಸಿಂಗ್ಲಾಸ್ ಬಳಸುವವರಿಗೂ ಕೊಪ್ಪರಿಗೆಯ ಕೆಲಸ ತಪ್ಪಿದ್ದಲ್ಲ. ವರ್ಟ್‌ನ ಪ್ರೋಟೀನ್ ಧೂಳು ಮೊದಲೇ ಇಳಿದಿದ್ದರೆ ಐಸಿಂಗ್ಲಾಸ್ ಯೀಸ್ಟನ್ನು ಬೇಗ ಹಿಡಿಯುತ್ತದೆ. ಇಳಿಯದಿದ್ದರೆ ಆಮೇಲೆ ಎಷ್ಟು ಹಾಕಿದರೂ ಬಿಯರ್ ಮಂಜು ಬಿಟ್ಟುಕೊಡುವುದಿಲ್ಲ.

10. ಎಲ್ಲ ಬಿಯರಿಗೂ ತಿಳಿ ಬೇಕಿಲ್ಲ

ಬವೇರಿಯಾದ ಹೆಫೆವೈಜೆನ್, ಬೆಲ್ಜಿಯಂನ ವಿಟ್‌ಬಿಯರ್, ಅಮೆರಿಕದ ನ್ಯೂ ಇಂಗ್ಲೆಂಡ್ ಐಪಿಎ ಮಸುಕಾಗಿಯೇ ಇರಬೇಕಾದವು. ಬೆಂಗಳೂರಿನ ಮೈಕ್ರೊಬ್ರೂವರಿಗಳಲ್ಲಿ ಜನ ಇಷ್ಟಪಟ್ಟು ಕುಡಿಯುವ ಗೋಧಿ ಬಿಯರೂ ಇದೇ ಗುಂಪಿನದು. ಇವುಗಳಿಗೆ ನಾನು ಫೈನಿಂಗ್ಸ್ ಹಾಕುವುದಿಲ್ಲ. ಕಪ್ಪು ಸ್ಟೌಟಿನಲ್ಲಿ ಮಸುಕು ಕಾಣುವುದಿಲ್ಲವೆಂದು ಕೆಲವರು ಬಿಡುತ್ತಾರೆ. ನಾನು ಅರ್ಧ ಅಳತೆ ಹಾಕುತ್ತೇನೆ, ಏಕೆಂದರೆ ಗಸಿ ಗಟ್ಟಿಯಾಗಿ ಕೂತರೆ ಕೊಪ್ಪರಿಗೆಯಿಂದ ಬಸಿಯುವುದು ಸಲೀಸು. ಪಿಲ್ಸ್ನರ್, ಪೇಲ್ ಏಲ್, ಬಿಟರ್ ಮಾಡುವಾಗ ಮಾತ್ರ ಈ ಬರಹದ ಒಂದು ಹೆಜ್ಜೆಯನ್ನೂ ತಪ್ಪಿಸಬೇಡಿ.

11. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಬರೆದಿಡಿ

ನನ್ನ ನೋಟ್‌ಬುಕ್ಕಿನಲ್ಲಿ ಪ್ರತಿ ಬಿಯರಿಗೂ ಈ ಸಾಲುಗಳಿರುತ್ತವೆ: ಮಾಲ್ಟ್ ಯಾವ ಕಂಪನಿಯದು, ಯಾವ ಬೆಳೆಯದು, ಕುದಿಯ ಮೊದಲು ಮತ್ತು ನಂತರ ಪಿಎಚ್, ಎಷ್ಟು ಆವಿಯಾಯಿತು, ಫೈನಿಂಗ್ಸ್ ಎಷ್ಟು, ಯಾವ ನಿಮಿಷಕ್ಕೆ, ತಣಿಯಲು ಹಿಡಿದ ಸಮಯ, ಕೊಪ್ಪರಿಗೆಯಲ್ಲಿ ಉಳಿದ ಗಸಿ, ತಣ್ಣಗಾದ ವರ್ಟ್‌ನ ಗ್ಲಾಸು ಹೇಗಿತ್ತು, ಫ್ರಿಜ್‌ನಿಂದ ತೆಗೆದ ಬಿಯರ್ ಹೇಗಿತ್ತು. ಮಾಲ್ಟ್, ಯೀಸ್ಟ್, ಮಾತ್ರೆ ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ಹೇಳಲು ಬರುವುದಿಲ್ಲ. ಒಂದೊಂದನ್ನೇ ಬದಲಿಸುತ್ತ ಹೋದರೆ ನಿಮ್ಮ ನೀರು, ನಿಮ್ಮ ಒಲೆ, ನಿಮ್ಮ ಕೊಪ್ಪರಿಗೆಗೆ ಹೊಂದುವ ಅಳತೆ ತಾನಾಗಿ ಹೊರಬರುತ್ತದೆ. ಯಾರ ಪುಸ್ತಕದಲ್ಲೂ ಅದು ಸಿಗುವುದಿಲ್ಲ.

ಬಿಯರ್ ತಿಳಿಯಾಗಿದ್ದರೆ ರುಚಿ ತಾನಾಗಿ ಬರುವುದಿಲ್ಲ ಎಂಬುದು ನಿಜ. ಆದರೆ ತಿಳಿಯಾದ ವರ್ಟ್ ಎಂದರೆ ಮ್ಯಾಶ್ ಪೂರ್ತಿಯಾಗಿದೆ, ಪಿಎಚ್ ಜಾಗದಲ್ಲಿದೆ, ಕುದಿ ಬಲವಾಗಿತ್ತು, ತಣಿಸಿದ್ದು ಬೇಗ ಆಯಿತು, ಮಾಡಿದವರು ಕೊನೆಯವರೆಗೆ ತಾಳ್ಮೆಯಿಂದ ನಿಂತಿದ್ದರು ಎಂದರ್ಥ. ಈ ಐದೂ ರುಚಿಯ ಬೇರುಗಳೇ. ಅವುಗಳಲ್ಲಿ ಒಂದು ತಪ್ಪಿದ್ದರೂ ಚಿಟಿಕೆ ಪಾಚಿ ಅದನ್ನು ಮುಚ್ಚಿಹಾಕದು. ಐದೂ ಸರಿಯಿದ್ದಾಗ ಉಳಿದ ಕೊನೆಯ ಮಂಜನ್ನು ಅದು ತೆಗೆದುಕೊಡುತ್ತದೆ. ಆದ್ದರಿಂದ ಮುಂದಿನ ಸಲ ಬಿಯರ್ ಮಾಡುವಾಗ ಮಾತ್ರೆಯ ಡಬ್ಬಿ ತೆರೆಯುವ ಮೊದಲು ಪಿಎಚ್ ಮೀಟರ್ ತೆಗೆಯಿರಿ, ಒಲೆಯ ಉರಿ ನೋಡಿ, ತಣಿಸಲು ಬೇಕಾದ ನೀರನ್ನು ಸಿದ್ಧಮಾಡಿಕೊಳ್ಳಿ. ಆಮೇಲೆ ಹಾಕಿದ ಅರ್ಧ ಮಾತ್ರೆ ಪೂರ್ತಿ ಕೆಲಸ ಮಾಡುತ್ತದೆ.